ಎಂಟು ಸಾವಿರದ ಆ್ಯಪು, ಮುನ್ನೂರು ರೂಪಾಯಿಯ ಜೆರಾಕ್ಸು

ಓದಲು ವಿಡಿಯೊ ಆ್ಯಪ್ ಒಳ್ಳೆಯದೋ ಸೀನಿಯರ್ ನೋಟ್ಸಿನ ಜೆರಾಕ್ಸೋ ಎಂದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜೆರಾಕ್ಸಿಗೆ. ಆ್ಯಪ್ ಕಂಪನಿಯವರು ಬೇಜಾರು ಮಾಡಿಕೊಳ್ಳಬಾರದು, ಅವರಿಗೆ ನನ್ನ ಅಪ್ಪನ 8,000 ರೂಪಾಯಿ ಆಗಲೇ ಸಂದಿದೆ.

ಊರು ಬೆಳಗಾವಿ. ಪುಣೆಯ ಧನಕವಡಿಯಲ್ಲಿ ಪಿಜಿಯಲ್ಲಿದ್ದುಕೊಂಡು ಬಿಡಿಎಸ್ (ದಂತವೈದ್ಯ) ಮೂರನೇ ವರ್ಷ ಓದುತ್ತಿದ್ದೇನೆ. ಮೊದಲ ವರ್ಷ ಸೇರಿದ ಹೊಸದರಲ್ಲಿ ಯಾರದೋ ಮಾತು ಕೇಳಿ ಅಮೆರಿಕದ ಒಂದು ವಿಡಿಯೊ ಲೆಕ್ಚರ್ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ. ಕಟ್ಟಿ ವಾರವೂ ಆಗಿರಲಿಲ್ಲ, ನಿಪ್ಪಾಣಿ ಕಡೆಯ ಸೀನಿಯರ್ ಒಬ್ಬಳು ಡೆಂಟಲ್ ಅನಾಟಮಿಯ ತನ್ನ ಕೈಬರಹದ ನೋಟ್ಸ್ ಕೊಟ್ಟಳು. "ತಗೊ, ಝೆರಾಕ್ಸ್ ಮಾಡಿಸ್ಕೊ. ಖರೆ ಸಂಜಿಕ ನನ್ನ ಕೈಯಾಗ ವಾಪಸ್ ಬರಬೇಕು ನೋಡ." 260 ಪುಟ, ಪುಟಕ್ಕೊಂದು ರೂಪಾಯಿ, ಸ್ಪೈರಲ್ ಹಾಕಿಸಲು 40. (ಇಲ್ಲಿ ಸೀನಿಯರ್ ಹುಡುಗಿಯರನ್ನು ಮರಾಠಿಯಲ್ಲಿ 'ತಾಯಿ' ಅನ್ನುತ್ತಾರೆ, ಅಕ್ಕ ಎಂದರ್ಥ. "ತಾಯಿ ನೋಟ್ಸ್ ಕೊಟ್ಟಳವ್ವಾ" ಎಂದು ಫೋನಿನಲ್ಲಿ ಹೇಳಿದಾಗ ಅವ್ವ ಒಂದು ಕ್ಷಣ ಸುಮ್ಮನಾಗಿದ್ದಳು.)

ಆ್ಯಪ್‌ನಲ್ಲಿ ಪಾಠ ಚೆನ್ನಾಗಿಲ್ಲ ಅಂತಲ್ಲ. ತಕರಾರು ಒಂದೇ, ಹಲ್ಲಿನ ನಂಬರಿನದು.

ನಮ್ಮ ಕಾಲೇಜುಗಳಲ್ಲಿ ನಡೆಯುವುದು ಎಫ್‌ಡಿಐ (ಜಾಗತಿಕ ದಂತವೈದ್ಯಕೀಯ ಒಕ್ಕೂಟ) ಪದ್ಧತಿ. ಬಾಯಿಯನ್ನು ನಾಲ್ಕು ಪಾಲು ಮಾಡುತ್ತಾರೆ. ಮೊದಲ ಅಂಕಿ ಯಾವ ಪಾಲು ಅನ್ನುವುದಕ್ಕೆ, ಎರಡನೆಯದು ನಡುವಿನಿಂದ ಎಷ್ಟನೇ ಹಲ್ಲು ಅನ್ನುವುದಕ್ಕೆ. ಹಾಗಾಗಿ 14 ಅಂದರೆ ರೋಗಿಯ ಮೇಲಿನ ಬಲಗಡೆಯ ನಾಲ್ಕನೇ ಹಲ್ಲು, ಮೊದಲ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನ ಸಣ್ಣ ದವಡೆಹಲ್ಲು). ಅದನ್ನು 'ಒನ್ ಫೋರ್' ಅಂತಲೇ ಓದಬೇಕು, 'ಫೋರ್ಟೀನ್' ಅಂದರೆ ಬೈಗುಳ ಗ್ಯಾರಂಟಿ. ಅಮೆರಿಕದವರದು ಯೂನಿವರ್ಸಲ್ ಪದ್ಧತಿ. ಹೆಸರಿಗಷ್ಟೇ ಯೂನಿವರ್ಸಲ್. ಮೇಲಿನ ಬಲಗಡೆಯ ಬುದ್ಧಿಹಲ್ಲು 1. ಅಲ್ಲಿಂದ ಸಾಲಾಗಿ ಎಣಿಸುತ್ತ ಎಡತುದಿಗೆ 16, ಕೆಳಗಿಳಿದರೆ 17, ಮರಳಿ ಬಲತುದಿಗೆ ಬಂದರೆ 32. ಅಲ್ಲಿ 14 ಅಂದರೆ ಮೇಲಿನ ಎಡಗಡೆಯ ಮೊದಲ ಮೋಲಾರ್ (ದೊಡ್ಡ ದವಡೆಹಲ್ಲು).

ನಂಬರುಗಳೇ ಬೇರೆ ಬೇರೆ ಇದ್ದಿದ್ದರೆ ಚಿಂತೆಯಿರಲಿಲ್ಲ. ಒಮ್ಮೆ ಸಿಟ್ಟಿಗೆ ಕೂತು ಪಟ್ಟಿ ಮಾಡಿದೆ: ಶಾಶ್ವತ ಹಲ್ಲುಗಳಿಗೆ ಎರಡೂ ಪದ್ಧತಿಯಲ್ಲಿ ಬಳಕೆಯಾಗುವ ನಂಬರು 18 ಇವೆ. ಆ ಹದಿನೆಂಟರಲ್ಲಿ ಒಂದಾದರೂ ಎರಡು ಕಡೆಯೂ ಒಂದೇ ಹಲ್ಲನ್ನು ತೋರಿಸಬೇಕಲ್ಲ, ಇಲ್ಲ! ನಮ್ಮ 11 ಮುಂದಿನ ಬಾಚಿಹಲ್ಲು, ಅವರ 11 ಕೋರೆಹಲ್ಲು. ನಮ್ಮ 21 ಮೇಲಿದೆ, ಅವರ 21 ಕೆಳಗಿದೆ.

ಇಂಟರ್ನಲ್ ಪರೀಕ್ಷೆಯ ಸ್ಪಾಟರ್ (ನೋಡಿ ಗುರುತಿಸುವ) ಟೇಬಲ್ಲಿನಲ್ಲಿ ಒಂದು ಹಲ್ಲಿಟ್ಟಿದ್ದರು. ಮೂರು ಬೇರು, ಅಂಗುಳಿನ ಕಡೆಯದೇ ಉದ್ದ, ಅದೇ ಮಗ್ಗುಲಿಗೆ ಕ್ಯಾರಬೆಲಿ ಎಂಬುವವರ ಹೆಸರಿನ ಪುಟ್ಟ ಉಬ್ಬು. ಕಣ್ಣು ಮುಚ್ಚಿಕೊಂಡು ಹೇಳಬಹುದಾದ ಹಲ್ಲು, ಮೇಲಿನ ಎಡಗಡೆಯ ಮೊದಲ ಮೋಲಾರ್. ಹಿಂದಿನ ರಾತ್ರಿ ಎರಡು ತಾಸು ಆ್ಯಪ್ ನೋಡಿದ್ದ ನಾನು ಧೈರ್ಯವಾಗಿ 14 ಎಂದು ಬರೆದೆ. ನಮ್ಮ ಪದ್ಧತಿಯಲ್ಲಿ ಬರೆಯಬೇಕಿದ್ದುದು 26. ಮೇಡಂ ಉತ್ತರಪತ್ರಿಕೆ ಕೊಡುವಾಗ "ಮೂರು ಬೇರಿನ ಪ್ರೀಮೋಲಾರ್ ಎಲ್ಲಿ ನೋಡಿದಿಯಮ್ಮಾ?" ಎಂದು ಕೇಳಿದರು. ಆ್ಯಪ್‌ನಲ್ಲಿ ಎನ್ನಲು ಬಾಯಿ ಬರಲಿಲ್ಲ.

ಇದು ಮಾರ್ಕಿನ ಮಾತಷ್ಟೇ ಎಂದು ಆಗ ಸಮಾಧಾನ ಮಾಡಿಕೊಂಡಿದ್ದೆ. ಈಗ ಕ್ಲಿನಿಕ್ ಪೋಸ್ಟಿಂಗ್‌ನಲ್ಲಿ ನೋಡುತ್ತೇನೆ. ಹಲ್ಲಿಗೆ ಕ್ಲಿಪ್ ಹಾಕುವ ಮೊದಲು ಜಾಗ ಮಾಡಲೆಂದು ಆರ್ಥೊ (ಹಲ್ಲಿನ ಸಾಲು ಸರಿಮಾಡುವ) ವಿಭಾಗದವರು ಯಾವ ಹಲ್ಲು ಕೀಳಬೇಕೆಂದು ಚೀಟಿ ಬರೆದು ಕಳಿಸುತ್ತಾರೆ, ಎಷ್ಟೋ ಕೇಸಿನಲ್ಲಿ 14, 24, 34, 44 ಎಂದು. ಆ ಮೊದಲ ನಂಬರನ್ನು ಆ್ಯಪ್‌ನ ಲೆಕ್ಕದಲ್ಲಿ ಓದಿದವನು ಒಳ್ಳೆಯ ದವಡೆಹಲ್ಲಿಗೇ ಇಕ್ಕಳ ಹಾಕುತ್ತಾನೆ.

ಸೆಟ್ಟಿಂಗ್‌ನಲ್ಲಿ ಪದ್ಧತಿ ಬದಲಿಸಿಕೊಳ್ಳಲು ಬರುತ್ತಿತ್ತು. ಬರೆದು ತೋರಿಸಿದ್ದು ಬದಲಾಗುತ್ತಿತ್ತು, ಪಾಠ ಮಾಡುವವನ ಬಾಯಿ ಬದಲಾಗುತ್ತಿರಲಿಲ್ಲ. ಪರದೆಯ ಮೇಲೆ 26, ಕಿವಿಯಲ್ಲಿ ಫೋರ್ಟೀನ್. ಕಸ್ಟಮರ್ ಕೇರ್‌ಗೆ ಮೂರು ಸಲ ಬರೆದೆ, ಮೂರು ಸಲವೂ ಧನ್ಯವಾದ ಬಂತು.

ಅಕ್ಕನ ನೋಟ್ಸಿನಲ್ಲಿ ಈ ರಗಳೆ ಇಲ್ಲ. ನಾನು ಬರೆಯುವ ಪರೀಕ್ಷೆಯನ್ನೇ ಅವಳೂ ಬರೆದವಳು. ಯಾವ ವರ್ಷ ಯಾವ ಪ್ರಶ್ನೆ ಬಂತು, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಯಾವುದಕ್ಕೆ ತಡವರಿಸಿದಳು, ಎಲ್ಲ ಅಂಚಿನಲ್ಲಿದೆ. "ಇದ ಪಕ್ಕಾ ಬರತೈತಿ" ಎಂದು ಬರೆದ ಏಳರಲ್ಲಿ ನಾಲ್ಕು ಬಂದವು. ಮೇಣದ ಬ್ಲಾಕ್‌ನಲ್ಲಿ ಹಲ್ಲು ಕೆತ್ತುವಾಗ ಮೊದಲು ಯಾವ ಮೈ ತೆಗೆಯಬೇಕು, ಎಲ್ಲಿ ಮೇಣ ಒಡೆಯುತ್ತದೆ ಅನ್ನುವುದೂ ಇತ್ತು. ಹಿಂಬದಿಯ ಎರಡು ಪುಟದಲ್ಲಿ ರೋಗಿಗಳ ಮಾತು: 'ದಾತ್ ಠಣಕತೋಯ್' ಎಂದರೆ ಮಿಡಿಯುವ ನೋವು, ರಾತ್ರಿ ನಿದ್ದೆಗೆಡಿಸುತ್ತದೋ ಕೇಳು, ಕೆಡಿಸಿದರೆ ಹಲ್ಲಿನೊಳಗಿನ ಪಲ್ಪ್ (ತಿರುಳು) ಮೇಲೆ ಅನುಮಾನ ಪಡು. ಮೊದಲ ವರ್ಷ ಆ ಪುಟ ಹಾರಿಸಿದ್ದೆ, ಕ್ಲಿನಿಕ್ ಶುರುವಾದ ಮೇಲೆ ಒಪಿಡಿಗೆ ಹೋಗುವ ಮುನ್ನ ತಿರುವುತ್ತಿದ್ದೆ.

ಹಾಗಂತ ಜೆರಾಕ್ಸಿಗೆ ದೋಷವಿಲ್ಲವೇ? ಇದೆ. ಮೇಲಿನ ಶಾಶ್ವತ ಕೋರೆಹಲ್ಲು 9–10 ವರ್ಷಕ್ಕೆ ಬರುತ್ತದೆ ಎಂದು ಬರೆದಿದ್ದಳು. ಅದು ಕೆಳಗಿನದರ ವಯಸ್ಸು, ಮೇಲಿನದು 11–12ಕ್ಕೆ. ವಿಚಾರಿಸಿದರೆ ಅವಳೂ ತನ್ನ ಸೀನಿಯರ್‌ನಿಂದ ಇಳಿಸಿಕೊಂಡಿದ್ದಳಂತೆ. ತಪ್ಪು ಸಿಕ್ಕಿದ್ದು ಪುಣೆಯ ಪುಸ್ತಕದಂಗಡಿಗಳ ಅಪ್ಪಾ ಬಳವಂತ ಚೌಕದಲ್ಲಿ 600ಕ್ಕೆ ಕೊಂಡ ಹಳೇ ಪಠ್ಯಪುಸ್ತಕದಿಂದ. ಅದೂ ಅಮೆರಿಕದ್ದೇ, ನಂಬರೂ ಅವರದ್ದೇ, ಆದರೆ ಪುಸ್ತಕದಲ್ಲಿ ಪಕ್ಕಕ್ಕೆ ಪೆನ್ಸಿಲಿನಿಂದ ನಮ್ಮ ನಂಬರು ಬರೆದುಕೊಳ್ಳಬಹುದು.

ಸರ್‌ಗಳ ಪಿಪಿಟಿ? ಪರೀಕ್ಷೆಯ ಹಿಂದಿನ ರಾತ್ರಿ ವಾಟ್ಸಾಪಿಗೆ ಬೀಳುವ 140 ಸ್ಲೈಡ್. ಮಾತಾಡುವ ಸರ್ ಎದುರಿಗಿಲ್ಲದಿದ್ದರೆ ಅದು ಬರೀ ತಲೆಬರಹ.

ಆ್ಯಪ್ ಗೆದ್ದದ್ದು ಓರಲ್ ಹಿಸ್ಟಾಲಜಿಯಲ್ಲಿ (ಬಾಯಿ, ಹಲ್ಲಿನ ಅಂಗಾಂಶಗಳ ಪಾಠದಲ್ಲಿ). ಹಲ್ಲು ದವಡೆಯೊಳಗೆ ಮೊಗ್ಗಾಗಿ, ಟೊಪ್ಪಿಗೆಯಾಗಿ, ಗಂಟೆಯಾಗಿ ಬೆಳೆಯುವುದನ್ನು ಅನಿಮೇಷನ್‌ನಲ್ಲಿ ನೋಡಿದ ಮೇಲೆಯೇ ನನಗೆ ತಲೆಗೆ ಹೋಗಿದ್ದು. ಜೆರಾಕ್ಸಿನಲ್ಲಿ ಅಕ್ಕ ಗುಲಾಬಿ, ನೇರಳೆ ಪೆನ್ಸಿಲಿನಲ್ಲಿ ಚೆಂದವಾಗಿ ಬರೆದ ಚಿತ್ರಗಳೆಲ್ಲ ಒಂದೇ ಬೂದಿಬಣ್ಣ. ಹಲ್ಲಿನ ಹೊರಪದರ ಎನಾಮೆಲ್ ಕಟ್ಟುವ ಕೋಶ ಯಾವುದು, ಒಳಪದರ ಡೆಂಟಿನ್ ಕಟ್ಟುವುದು ಯಾವುದು, ದೇವರೇ ಬಲ್ಲ.

ಮುಂಬೈಯಲ್ಲಿ ಎಂಬಿಬಿಎಸ್ ಓದುವ ಮಾವನ ಮಗ ಇದೇ ತರಹದ ಆ್ಯಪ್‌ನಲ್ಲೇ ಓದಿ ಪಾಸಾದ. ಅವನಿಗೇನು, ಹ್ಯೂಮರಸ್ ಎಲುಬು ಎಲ್ಲಿ ಹೋದರೂ ಹ್ಯೂಮರಸ್ಸೇ. ಅವನು ಲೋಕಲ್ ಟ್ರೈನಿನಲ್ಲಿ ನಿಂತುಕೊಂಡು ಕೇಳುತ್ತಾನೆ. ನಾನು ಬೆಳಗಿನ ನಾಲ್ಕಕ್ಕೆದ್ದು ಓದುವವಳು, ಫೋನ್ ಕೈಗೆ ಬಂದರೆ ಐದರವರೆಗೆ ರೀಲ್ಸ್. ತಿಂಗಳಿಗೆ ಮೆಸ್ ಕಳೆದು ನನ್ನ ಕೈಯಲ್ಲಿ ಉಳಿಯುವುದು 1,500. ಚಂದಾ ಮುಗಿದ ಮೇಲೆ ಮತ್ತೆ ಕಟ್ಟಲಿಲ್ಲ.

ಈಗ ಆ ಸ್ಪೈರಲ್ ಪುಸ್ತಕ ಜೂನಿಯರ್‌ಗಳ ಕೈಗೆ ಹೋಗಿದೆ, ಕೋರೆಹಲ್ಲಿನ ವಯಸ್ಸನ್ನು ಕೆಂಪಿನಲ್ಲಿ ತಿದ್ದಿದ್ದೇನೆ. ನೀವೂ ಮಾಡಿಸುವುದಾದರೆ ಜೆರಾಕ್ಸಿನ ಜೆರಾಕ್ಸ್ ಬೇಡ, ಕೈಬರಹದ ಮೂಲವನ್ನೇ ಕಾಡಿ ಬೇಡಿ ಇಸಿದುಕೊಳ್ಳಿ. ಹಿಸ್ಟಾಲಜಿಯ ಮೂವತ್ತು ಪುಟಗಳನ್ನು ಮಾತ್ರ ಕಲರ್ ಮಾಡಿಸಿ, ಪುಟಕ್ಕೆ 10 ರೂಪಾಯಿ. ನಾನು ಆ 300 ಉಳಿಸಲು ಹೋಗಿ ಎರಡು ಭಾನುವಾರ ನೇರಳೆ ಪೆನ್ಸಿಲ್ ಚೂಪು ಮಾಡುತ್ತ ಕೂತಿದ್ದೆ.