ಜಾತ್ರೆಗೆ ಬಂದ 13 ಫೋನ್‌ಗಳು ಮತ್ತು ವೈಫೈ ಪಾಸ್‌ವರ್ಡ್ ಹಂಚುವ ದಾರಿಗಳು

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಗೆ ನಮ್ಮ ಮನೆ ತುಂಬ ನೆಂಟರಿರುತ್ತಾರೆ. ಕಳೆದ ಸಲ ಚಿತ್ರದುರ್ಗ, ಹರಿಹರ, ಜಗಳೂರು ಮತ್ತು ಚನ್ನಗಿರಿಯಿಂದ ಬಂದವರ ಜೊತೆಗೆ 13 ಸ್ಮಾರ್ಟ್‌ಫೋನ್‌ಗಳೂ ಬಂದಿದ್ದವು. ಕಾಲು ತೊಳೆದುಕೊಂಡು ಪಡಸಾಲೆಗೆ ಬಂದವರು ಕ್ಷೇಮ ಸಮಾಚಾರ ಮುಗಿಸಿದ ಮೇಲೆ ಕೇಳುತ್ತಿದ್ದ ಮೊದಲ ಪ್ರಶ್ನೆ ವೈಫೈ ಪಾಸ್‌ವರ್ಡ್ ಯಾವುದು ಎಂಬುದೇ. ನಮ್ಮದು ಹಳೆಯ ಊರಿನ ದಪ್ಪ ಗೋಡೆಯ ಮನೆ; ನಡುಮನೆ ದಾಟಿದರೆ ಮೊಬೈಲ್ ಸಿಗ್ನಲ್ ಒಂದೇ ಕಡ್ಡಿಗೆ ಇಳಿಯುತ್ತದೆ, ಹಾಗಾಗಿ ಅವರು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಅದೇ ಪಾಸ್‌ವರ್ಡನ್ನು 13 ಸಲ ಹೇಳುವ ಬದಲು, ಒಂದು ಫೋನಿನಿಂದ ಪಕ್ಕದ ಫೋನಿಗೆ ಅದನ್ನು ದಾಟಿಸುವ ವಿಧಾನಗಳಲ್ಲಿ ಯಾವುದು ನಿಜವಾಗಿ ಕೆಲಸಕ್ಕೆ ಬರುತ್ತದೆ ಎಂದು ನೋಡಿಯೇ ಬಿಡೋಣ ಎನಿಸಿ, ಜಾತ್ರೆಯ ಎರಡು ದಿನ ಬಿಡುವಾದಾಗಲೆಲ್ಲ ನೆಂಟರ ಫೋನ್‌ಗಳಲ್ಲಿ ನಮ್ಮ ನೆಟ್‌ವರ್ಕನ್ನು ಅಳಿಸಿ, ಬೇರೆ ಬೇರೆ ವಿಧಾನದಿಂದ ಮತ್ತೆ ಸೇರಿಸಿ ಪರೀಕ್ಷಿಸಿದೆ. ಕೊಡುವ ಕಡೆ ಇದ್ದದ್ದು ನನ್ನ ಪಿಕ್ಸೆಲ್ ಎಂಬ ಗೂಗಲ್‌ನ ಆಂಡ್ರಾಯ್ಡ್ ಫೋನ್ ಮತ್ತು ನನ್ನ ಹೆಂಡತಿಯ ಐಫೋನ್.

ಬಾಯಲ್ಲಿ ಹೇಳಿ ಬರೆಸುವ ಹಳೆಯ ಪದ್ಧತಿಯನ್ನೂ ಪರೀಕ್ಷೆಯಲ್ಲಿ ಸೇರಿಸಿಕೊಂಡಿದ್ದೆ, ಏಕೆಂದರೆ ಉಳಿದವುಗಳನ್ನು ಅಳೆಯಲು ಒಂದು ಗೀಟು ಬೇಕಲ್ಲ. ಡಬ್ಲ್ಯೂಪಿಎ2 ಎಂಬ ವೈಫೈ ರಕ್ಷಣೆಯ ಪಾಸ್‌ವರ್ಡಿನಲ್ಲಿ 8ರಿಂದ 63 ಅಕ್ಷರಗಳಿರಬಹುದು. ನಮ್ಮದರಲ್ಲಿ 14 ಇದ್ದವು, ಅವುಗಳಲ್ಲಿ ಎರಡು ದೊಡ್ಡಕ್ಷರ, ಒಂದು ಸೊನ್ನೆ, ಒಂದು ಅಂಡರ್‌ಸ್ಕೋರ್. ಚಿಕ್ಕಮ್ಮ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಒತ್ತಿದರು. ಜಗಳೂರಿನ ಸೋದರಮಾವ ಅಂಡರ್‌ಸ್ಕೋರ್ ಬದಲು ಮೈನಸ್ ಒತ್ತಿ, ಎರಡು ಸಲ ತಪ್ಪೆಂದು ಬಂದ ಮೇಲೆ, “ಗೀಟು ನಡುವೆಯೋ ಕೆಳಗೋ, ಅದನ್ನ ಮೊದಲು ಹೇಳಪ್ಪ” ಎಂದು ನನ್ನನ್ನೇ ಗದರಿದರು. ಮೂರನೆಯ ಸಲಕ್ಕೆ ಆಯಿತು, ಆದರೆ ಅಷ್ಟರಲ್ಲಿ ಮನೆಯಲ್ಲಿದ್ದವರಿಗೆಲ್ಲ ಪಾಸ್‌ವರ್ಡ್ ಬಾಯಿಪಾಠವಾಗಿತ್ತು.

ಐಫೋನಿನಿಂದ ಐಫೋನಿಗೆ ಕೊಡುವ ವ್ಯವಸ್ಥೆ 2017ರಲ್ಲಿ ಐಓಎಸ್ 11ರೊಂದಿಗೆ ಬಂದದ್ದು. ಎಲ್ಲ ಷರತ್ತುಗಳೂ ಕೂಡಿಬಂದಾಗ ಇದಕ್ಕಿಂತ ನಯವಾದದ್ದು ಇನ್ನೊಂದಿಲ್ಲ. ಪಡೆಯುವವರು ವೈಫೈ ಪಟ್ಟಿಯಲ್ಲಿ ನಮ್ಮ ನೆಟ್‌ವರ್ಕನ್ನು ಮುಟ್ಟಿ ಪಾಸ್‌ವರ್ಡ್ ಕೇಳುವ ಪರದೆಯವರೆಗೆ ಬಂದರೆ ಸಾಕು, ಈಗಾಗಲೇ ಆ ನೆಟ್‌ವರ್ಕಿನಲ್ಲಿರುವ, ಬೀಗ ತೆರೆದಿರುವ ಪಕ್ಕದ ಐಫೋನಿನಲ್ಲಿ ಪಾಸ್‌ವರ್ಡ್ ಹಂಚಿಕೊಳ್ಳಬೇಕೇ ಎಂಬ ಚೀಟಿ ತಾನಾಗಿಯೇ ಮೇಲೇಳುತ್ತದೆ. ಅದನ್ನು ಒತ್ತಿದೊಡನೆ ಆ ಕಡೆಯ ಖಾಲಿ ಜಾಗದಲ್ಲಿ ಚುಕ್ಕಿಗಳು ತುಂಬಿ ಸಂಪರ್ಕ ಸಿಗುತ್ತದೆ. ಚಿತ್ರದುರ್ಗದ ಅಕ್ಕನ ಫೋನಿಗೆ ಹೀಗೆ ಕೊಡಲು ಹತ್ತು ಸೆಕೆಂಡು ಕೂಡ ಹಿಡಿಯಲಿಲ್ಲ. ಅಕ್ಕನ ಸೊಸೆಯ ಫೋನಿಗೆ ಮಾತ್ರ ಎಷ್ಟು ಹೊತ್ತು ಕಾದರೂ ಚೀಟಿ ಏಳಲೇ ಇಲ್ಲ. ಎರಡೂ ಫೋನ್‌ಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಚಾಲೂ ಇರಬೇಕು, ಎರಡರಲ್ಲೂ ಹಾಟ್‌ಸ್ಪಾಟ್ ಬಂದ್ ಆಗಿರಬೇಕು, ಇಷ್ಟರ ಜೊತೆಗೆ ಒಬ್ಬರ ಆಪಲ್ ಖಾತೆಯ ಇಮೇಲ್ ವಿಳಾಸ ಇನ್ನೊಬ್ಬರ ಕಾಂಟ್ಯಾಕ್ಟ್ಸ್‌ನಲ್ಲಿ ಉಳಿಸಿರಬೇಕು. ನಮ್ಮ ಕಡೆ ಸಂಬಂಧಿಕರ ಫೋನ್ ನಂಬರನ್ನು ಯಾರಾದರೂ ಉಳಿಸಿಕೊಂಡಾರೇ ಹೊರತು ಇಮೇಲನ್ನು ಯಾರು ಉಳಿಸಿಕೊಳ್ಳುತ್ತಾರೆ? ಹೆಂಡತಿಯೂ ಸೊಸೆಯೂ ಎದುರುಬದುರು ಕುಳಿತು ಪರಸ್ಪರ ಇಮೇಲ್ ಬರೆದುಕೊಂಡ ಮೇಲೆ ಚೀಟಿ ಎದ್ದಿತು, ಆದರೆ ಆ ಹೊತ್ತಿನಲ್ಲಿ ಪಾಸ್‌ವರ್ಡನ್ನೇ ಮೂರು ಸಲ ಬರೆಯಬಹುದಿತ್ತು. ಹತ್ತಿರದವರ ನಡುವೆ ಇದು ಬಹಳ ಚೆನ್ನಾಗಿದೆ; ಜಾತ್ರೆಯ ಗದ್ದಲಕ್ಕೆ ಹೇಳಿ ಮಾಡಿಸಿದ್ದಲ್ಲ.

ಇನ್ನು ಕ್ಯೂಆರ್ ಕೋಡ್. ಆಂಡ್ರಾಯ್ಡ್ 10 ಬಂದಾಗಿನಿಂದ, ಅಂದರೆ 2019ರಿಂದ, ವೈಫೈ ಸೆಟ್ಟಿಂಗ್ಸ್‌ನಲ್ಲಿ ಸಂಪರ್ಕದಲ್ಲಿರುವ ನೆಟ್‌ವರ್ಕಿನ ಹೆಸರನ್ನು ಒತ್ತಿ, ಹಂಚುವ ಗುಂಡಿಯನ್ನು ಮುಟ್ಟಿ, ಬೆರಳಚ್ಚು ಅಥವಾ ಪಿನ್ ಕೊಟ್ಟರೆ ಪರದೆಯ ಮೇಲೆ ಕೋಡ್ ಮೂಡುತ್ತದೆ. ಪಡೆಯುವವರು ಐಫೋನ್ ಇಟ್ಟುಕೊಂಡಿದ್ದರೆ ಅದರ ಕ್ಯಾಮೆರಾವನ್ನೇ ಹಿಡಿದರೆ ಸಾಕು. ಆಂಡ್ರಾಯ್ಡ್ ಆದರೆ ವೈಫೈ ಪಟ್ಟಿಯಲ್ಲಿ ಕಾಣುವ ಸ್ಕ್ಯಾನರ್ ಚಿಹ್ನೆಯನ್ನು ಒತ್ತಿ ಹಿಡಿಯಬಹುದು. ಬ್ಲೂಟೂತ್ ಬೇಡ, ಇಮೇಲ್ ಬೇಡ, ಎರಡೂ ಫೋನ್ ಒಂದೇ ಕಂಪನಿಯದಾಗಬೇಕಿಲ್ಲ. ಬಹಳ ದಿನಗಳವರೆಗೆ ಕೊರತೆ ಇದ್ದದ್ದು ಐಫೋನಿನಿಂದ ಆಂಡ್ರಾಯ್ಡಿಗೆ ಕೊಡುವಾಗ. 2024ರಲ್ಲಿ ಐಓಎಸ್ 18ರ ಜೊತೆಗೆ ಬಂದ ಪಾಸ್‌ವರ್ಡ್ಸ್ ಆ್ಯಪ್‌ನಲ್ಲಿ ವೈಫೈ ವಿಭಾಗಕ್ಕೆ ಹೋಗಿ ನೆಟ್‌ವರ್ಕಿನ ಕ್ಯೂಆರ್ ಕೋಡ್ ತೋರಿಸಬಹುದಾದ್ದರಿಂದ ಆ ಕೊರತೆಯೂ ಈಗ ನೀಗಿದೆ. 13 ಫೋನ್‌ಗಳಲ್ಲಿ 11 ಈ ದಾರಿಯಿಂದಲೇ ಯಾವ ತೊಡಕೂ ಇಲ್ಲದೆ ಒಳಗೆ ಬಂದವು.

ಉಳಿದ ಎರಡರ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಂದು, ಸೋದರಮಾವನ ಫೋನ್. ಮಂಡಕ್ಕಿ ಜೊತೆ ಮಿರ್ಚಿ ತಿನ್ನುತ್ತಲೇ ಅವರು ಫೋನ್ ಎತ್ತಿ ಹಿಡಿದಿದ್ದರು. ಸ್ಕ್ಯಾನರ್‌ನ ಚೌಕದೊಳಗೆ ಕೋಡು ಬಿಳಿಯ ಮಂಜಿನಂತೆ ಕಾಣುತ್ತಿತ್ತೇ ಹೊರತು ಅದರ ಮೂರು ಮೂಲೆಯ ಕಪ್ಪು ಚೌಕಗಳು ಕೂಡ ಬಿಡಿಬಿಡಿಯಾಗಿ ತೋರುತ್ತಿರಲಿಲ್ಲ. ಹತ್ತಿರ ತಂದರು, ದೂರ ಹಿಡಿದರು, ನನ್ನ ಪರದೆಯ ಬೆಳಕನ್ನು ಪೂರ್ತಿ ಏರಿಸಿದೆ, ಏನೂ ಆಗಲಿಲ್ಲ. ಕೊನೆಗೆ ಫೋನನ್ನು ತಿರುಗಿಸಿ ನೋಡಿದರೆ ಕ್ಯಾಮೆರಾದ ಗಾಜಿನ ಮೇಲೆ ಮಿರ್ಚಿಯ ಎಣ್ಣೆಯ ಹೆಬ್ಬೆರಳ ಗುರುತು ಸ್ಪಷ್ಟವಾಗಿ ಕುಳಿತಿತ್ತು. ಪಂಚೆಯ ತುದಿಯಿಂದ ಒರೆಸಿದ ಕೂಡಲೇ ಕೋಡ್ ಓದಿಕೊಂಡಿತು. ಹಾಗಾಗಿ ಇದನ್ನು ಸೋಲು ಎಂದು ಬರೆಯುವುದಕ್ಕಿಂತ ತಡ ಎಂದು ಬರೆದುಕೊಂಡೆ.

ಎರಡನೆಯದು ನಿಜವಾದ ತೊಡಕು. ಹರಿಹರದ ಚಿಕ್ಕಮ್ಮನ ಹಳೆಯ ಫೋನ್ ಕೋಡನ್ನು ಸರಿಯಾಗಿ ಓದಿತು, ನೆಟ್‌ವರ್ಕ್ ಉಳಿಸಿಕೊಂಡೆನೆಂದೂ ಹೇಳಿತು, ಆದರೆ ಸಂಪರ್ಕ ಮಾತ್ರ ಆಗಲಿಲ್ಲ. ವೈಫೈ ಎರಡು ಬಗೆಯ ಅಲೆಗಳಲ್ಲಿ ಬರುತ್ತದೆ; ನಮ್ಮ ರೂಟರ್‌ನಲ್ಲಿ 2.4 ಗಿಗಾಹರ್ಟ್ಸ್‌ಗೆ ಒಂದು ಹೆಸರು, 5 ಗಿಗಾಹರ್ಟ್ಸ್‌ಗೆ ಇನ್ನೊಂದು ಹೆಸರು ಇಟ್ಟಿದ್ದೇವೆ. ಕೋಡಿನೊಳಗೆ ಅಡಗಿರುವುದು ಒಂದೇ ಹೆಸರು, ಅದೂ ಕೊಡುವ ಫೋನ್ ಆ ಕ್ಷಣದಲ್ಲಿ ಸೇರಿಕೊಂಡಿರುವ ನೆಟ್‌ವರ್ಕಿನದು. ನನ್ನ ಪಿಕ್ಸೆಲ್ 5 ಗಿಗಾಹರ್ಟ್ಸ್‌ನಲ್ಲಿತ್ತು. ಚಿಕ್ಕಮ್ಮನ ಫೋನಿಗೆ ಆ ಅಲೆಗಳನ್ನು ಹಿಡಿಯುವ ಯಂತ್ರಾಂಶವೇ ಇಲ್ಲ. ನಾನು 2.4ರ ಹೆಸರಿಗೆ ಬದಲಾಯಿಸಿಕೊಂಡು ಹೊಸ ಕೋಡ್ ತೋರಿಸಿದ ಮೇಲೆ ಸರಿಹೋಯಿತು. ಹಳೆಯ ಅಥವಾ ಅಗ್ಗದ ಫೋನ್ ಇರುವವರಿಗೆ ಕೋಡ್ ತೋರಿಸುವಾಗ ಇದನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಪಡೆಯುವವರ ಪರದೆಯ ಮೇಲೆ ಕಾರಣ ಎಲ್ಲೂ ಕಾಣಿಸಿಕೊಳ್ಳುವುದಿಲ್ಲ. ಇನ್ನೊಂದು ಸಣ್ಣ ತೊಂದರೆಯೆಂದರೆ ಕೋಡ್ ತೋರಿಸುವ ಮೊದಲು ಬೆರಳಚ್ಚು ಕೊಡಬೇಕಾಗುವುದು. ನಾನು ಹೋಳಿಗೆಯ ಹೂರಣ ರುಬ್ಬಲು ಕುಳಿತಿದ್ದಾಗ ಬಂದ ನೆಂಟರಿಗೆ ಹತ್ತು ನಿಮಿಷ ಕಾಯಿರೆಂದು ಹೇಳಬೇಕಾಯಿತು. ಬೆಲ್ಲದ ಬೆರಳನ್ನು ಯಾವ ಫೋನೂ ಗುರುತಿಸದು.

ಕ್ವಿಕ್ ಶೇರ್ ಮೂಲಕ ಕಳಿಸುವುದು ಕ್ಯಾಮೆರಾ ಬೇಡದ ಆಂಡ್ರಾಯ್ಡ್ ದಾರಿ. ಗೂಗಲ್ ಇದನ್ನು 2020ರಲ್ಲಿ ನಿಯರ್‌ಬೈ ಶೇರ್ ಎಂಬ ಹೆಸರಿನಲ್ಲಿ ತಂದಿತು, 2024ರ ಜನವರಿಯಲ್ಲಿ ಸ್ಯಾಮ್‌ಸಂಗ್‌ನ ಕ್ವಿಕ್ ಶೇರ್ ಜೊತೆಗೆ ಒಂದುಗೂಡಿಸಿ ಆ ಹೆಸರನ್ನೇ ಉಳಿಸಿಕೊಂಡಿತು. ಪಿಕ್ಸೆಲ್‌ನಲ್ಲಿ ಕ್ಯೂಆರ್ ಕೋಡ್ ಕಾಣುವ ಪರದೆಯಲ್ಲೇ ಇದರ ಗುಂಡಿಯೂ ಇದೆ. ಒತ್ತಿದರೆ ಸುತ್ತಮುತ್ತಲಿನ ಫೋನ್‌ಗಳ ಹೆಸರು ಕಾಣಿಸುತ್ತದೆ, ಬೇಕಾದದ್ದನ್ನು ಮುಟ್ಟಿದರೆ ಆ ಕಡೆಯವರು ಒಪ್ಪಿಕೊಳ್ಳಬೇಕು, ಅಷ್ಟೇ. ಪಡಸಾಲೆಯಲ್ಲಿ ಕುಳಿತು ಅಡುಗೆಮನೆಯಲ್ಲಿದ್ದ ಅತ್ತಿಗೆಯ ಫೋನಿಗೆ ಎದ್ದುಹೋಗದೆ ಕಳಿಸಿದಾಗ ನನಗೂ ಒಂದು ಗಳಿಗೆ ಹೆಮ್ಮೆಯಾಯಿತು. ಆದರೆ ಆ ಫೋನ್ ನನಗೆ ಕಾಣಿಸಿಕೊಳ್ಳಬೇಕಾದರೆ ಅವರು ತಮ್ಮ ಫೋನಿನಲ್ಲಿ ಎಲ್ಲರಿಗೂ ಕಾಣುವಂತೆ ಹತ್ತು ನಿಮಿಷದ ಮಟ್ಟಿಗೆ ಅನುಮತಿ ಕೊಡಬೇಕಾಯಿತು, ಆ ಸೆಟ್ಟಿಂಗ್ ಎಲ್ಲಿದೆ ಎಂದು ಹೇಳಲು ನಾನು ಎದ್ದುಹೋಗಲೇಬೇಕಾಯಿತು. ಮನೆಯಲ್ಲಿದ್ದ ಬೇರೆ ಕಂಪನಿಗಳ ಆಂಡ್ರಾಯ್ಡ್ ಫೋನ್‌ಗಳಲ್ಲಿ ಕೆಲವಕ್ಕೆ ವೈಫೈ ಪರದೆಯಲ್ಲಿ ಈ ಗುಂಡಿಯೇ ಇರಲಿಲ್ಲ. ಕ್ಯಾಮೆರಾ ಒಡೆದ ಫೋನಿಗೆ ಮಾತ್ರ ಇದಕ್ಕಿಂತ ಸುಲಭದ ದಾರಿ ಸಿಗದು.

ಫೋನ್ ತಾಗಿಸಿದರೆ ಮಾಹಿತಿ ಕೊಡುವ ಎನ್‌ಎಫ್‌ಸಿ ಸ್ಟಿಕ್ಕರನ್ನು ನಾನು ಬಹಳ ನಿರೀಕ್ಷೆಯಿಂದ ತರಿಸಿದ್ದೆ. ನೂರೈವತ್ತು ಬೈಟ್‌ಗೂ ಕಡಿಮೆ ಜಾಗವಿರುವ ಎನ್‌ಟಿಎಜಿ213 ಎಂಬ ಅಗ್ಗದ ಸ್ಟಿಕ್ಕರಿನಲ್ಲಿ ನೆಟ್‌ವರ್ಕಿನ ಹೆಸರು ಮತ್ತು ಪಾಸ್‌ವರ್ಡನ್ನು ಬರೆದಿಟ್ಟರೆ, ಫೋನನ್ನು ಒಂದೆರಡು ಬೆರಳಿನಷ್ಟು ಹತ್ತಿರ ತಂದಾಗ ಅದು ಓದಿಕೊಳ್ಳುತ್ತದೆ. ನಾನು ಮೊದಲು ಅದನ್ನು ಪಡಸಾಲೆಯ ಕಬ್ಬಿಣದ ಬೀರುವಿಗೆ ಅಂಟಿಸಿ, ಫೋನನ್ನು ಎಷ್ಟು ಉಜ್ಜಿದರೂ ಏನೂ ಆಗದಿದ್ದಾಗ ಸ್ಟಿಕ್ಕರೇ ಕೆಟ್ಟಿರಬೇಕೆಂದು ಬೈದುಕೊಂಡೆ. ತಪ್ಪು ನನ್ನದೇ ಆಗಿತ್ತು: ಸ್ಟಿಕ್ಕರಿಗೆ ಸ್ವಂತ ಬ್ಯಾಟರಿ ಇಲ್ಲ, ಫೋನು ಹೊಮ್ಮಿಸುವ ಕಾಂತಕ್ಷೇತ್ರದಿಂದಲೇ ಅದು ಶಕ್ತಿ ಪಡೆಯುತ್ತದೆ, ಹಿಂದೆ ಲೋಹದ ತಗಡು ಇದ್ದರೆ ಆ ಕ್ಷೇತ್ರ ಕುಗ್ಗಿಹೋಗುತ್ತದೆ. ಬಾಗಿಲಿನ ಮರದ ಚೌಕಟ್ಟಿಗೆ ಹೊಸದನ್ನು ಅಂಟಿಸಿದ ಮೇಲೆ ತಟ್ಟಿದೊಡನೆ ಕೆಲಸ ಮಾಡಿತು, ಆದರೆ 13ರಲ್ಲಿ ಮೂರೇ ಮೂರು ಫೋನ್‌ಗಳಿಗೆ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಎನ್‌ಎಫ್‌ಸಿ ಇರುವುದು ಅಪರೂಪ.

ಪಾಸ್‌ವರ್ಡ್ ಬರೆಯದೆ ಸೇರಿಸಿಕೊಳ್ಳುವ, ರೂಟರ್ ಹಿಂಬದಿಯ ಡಬ್ಲ್ಯೂಪಿಎಸ್ ಗುಂಡಿಯನ್ನು ಒತ್ತಿದರೆ ಎರಡು ನಿಮಿಷದೊಳಗೆ ಯಾವ ಸಾಧನ ಬೇಕಾದರೂ ಸೇರಬಹುದಿತ್ತಲ್ಲ ಎಂದು ಅಕ್ಕನ ಮಗ ನೆನಪಿಸಿದ. ಐಫೋನ್‌ಗಳಲ್ಲಿ ಆ ಸೌಲಭ್ಯ ಎಂದೂ ಇರಲಿಲ್ಲ, ಹೊಸ ಆಂಡ್ರಾಯ್ಡ್‌ನಿಂದಲೂ ಅದು ಮರೆಯಾಗಿದೆ. ಡಬ್ಲ್ಯೂಪಿಎಸ್‌ನಲ್ಲಿ ಗುಂಡಿಯ ಜೊತೆಗೆ ಇರುವ ಎಂಟು ಅಂಕಿಯ ಪಿನ್ನನ್ನು ರೂಟರ್ ಎರಡು ತುಂಡಾಗಿ ಪರಿಶೀಲಿಸುವುದರಿಂದ ಸುಮಾರು 11,000 ಪ್ರಯತ್ನಗಳಲ್ಲಿ ಊಹಿಸಿಬಿಡಬಹುದು ಎಂಬುದು 2011ರಲ್ಲೇ ಬಯಲಾಗಿತ್ತು. ನಮ್ಮ ರೂಟರ್‌ನಲ್ಲಿ ನಾನು ಅದನ್ನು ಬಂದ್ ಮಾಡಿಯೇ ಇಟ್ಟಿದ್ದೇನೆ.

ಜನರಿಗೆ ಹೆಚ್ಚಾಗಿ ತಪ್ಪು ತಿಳಿವಳಿಕೆ ಇರುವುದು ಪಾಸ್‌ವರ್ಡ್ ಹೇಳದೆ ವೈಫೈ ಕೊಡಬಹುದು ಎಂಬ ವಿಷಯದಲ್ಲಿ. ಮೇಲಿನ ಎಲ್ಲ ವಿಧಾನಗಳಲ್ಲೂ ಪಾಸ್‌ವರ್ಡ್ ಆ ಕಡೆಯ ಫೋನಿಗೆ ಹೋಗಿಯೇ ಹೋಗುತ್ತದೆ. ಬಾಯಿ ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ವೈಫೈನ ಸಾಮಾನ್ಯ ಕ್ಯೂಆರ್ ಕೋಡಿನಲ್ಲಿ ಗೂಢಲಿಪಿ ಏನೂ ಇಲ್ಲ: ರಕ್ಷಣೆಯ ಬಗೆ, ನೆಟ್‌ವರ್ಕಿನ ಹೆಸರು, ಪಾಸ್‌ವರ್ಡ್, ಇವು ಅರ್ಧವಿರಾಮ ಚಿಹ್ನೆಗಳ ನಡುವೆ ಒಂದೇ ಸಾಲಿನಲ್ಲಿ ಬಿಚ್ಚಾಗಿಯೇ ಇರುತ್ತವೆ, ಯಾವ ಸ್ಕ್ಯಾನರ್ ಆ್ಯಪ್ ಆದರೂ ಅವನ್ನು ಓದಿ ತೋರಿಸುತ್ತದೆ. ಪಿಕ್ಸೆಲ್‌ನಲ್ಲಂತೂ ಕೋಡಿನ ಕೆಳಗೇ ಪಾಸ್‌ವರ್ಡ್ ಅಚ್ಚಾಗಿರುತ್ತದೆ, 2022ರ ಐಓಎಸ್ 16ರಿಂದ ಐಫೋನಿನಲ್ಲೂ ಉಳಿಸಿದ ಪಾಸ್‌ವರ್ಡನ್ನು ತೆರೆದು ನೋಡಬಹುದು. ಒಮ್ಮೆ ಒಳಗೆ ಬಂದವರು ತಮ್ಮ ಫೋನಿನಿಂದ ಇನ್ನೊಬ್ಬರಿಗೆ ಅದೇ ಕೋಡ್ ತೋರಿಸಲೂ ಬಹುದು. ಇದು ನನಗೆ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಪದೇಪದೇ ಕೋಡ್ ತೋರಿಸಿ ನನಗೆ ಬೇಸರವಾಗುತ್ತಿರುವುದನ್ನು ಕಂಡು, ಸಹಾಯ ಮಾಡುವ ಒಳ್ಳೆಯ ಮನಸ್ಸಿನಿಂದಲೇ ಅಕ್ಕನ ಮಗ ಆ ಕೋಡಿನ ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ. ಆ ಗುಂಪಿನಲ್ಲಿ ನಾನು ಮುಖ ನೋಡಿ ಹತ್ತು ವರ್ಷವಾದವರೂ ಇದ್ದಾರೆ, ಎದುರು ಮನೆಯ ಹುಡುಗನೂ ಇದ್ದಾನೆ. ಮರುದಿನ ಪಾಸ್‌ವರ್ಡ್ ಬದಲಾಯಿಸಿದೆ. ನಮ್ಮ ಟಿವಿ, ಪ್ರಿಂಟರ್, ಮಗಳ ಲ್ಯಾಪ್‌ಟಾಪ್ ಎಲ್ಲಕ್ಕೂ ಮತ್ತೆ ಹೊಸದನ್ನು ಹಾಕುವುದರಲ್ಲಿ ಅರ್ಧ ಮಧ್ಯಾಹ್ನ ಹೋಯಿತು.

ಆಮೇಲೆ ರೂಟರ್‌ನಲ್ಲಿ ಅತಿಥಿ ನೆಟ್‌ವರ್ಕ್ ಎಂಬುದನ್ನು ಚಾಲೂ ಮಾಡಿ, 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಇಟ್ಟು, ಅದರ ಕ್ಯೂಆರ್ ಕೋಡನ್ನು ಕಾಗದದ ಮೇಲೆ ಮುದ್ರಿಸಿ ಪಡಸಾಲೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೇನೆ. ಈಗ ನನ್ನ ಬೆರಳಚ್ಚೂ ಬೇಡ, ಫೋನೂ ಬೇಡ. ಬಂದವರು ತಾವೇ ಹಿಡಿದುಕೊಳ್ಳುತ್ತಾರೆ, ಹಬ್ಬ ಮುಗಿದ ಮೇಲೆ ಆ ನೆಟ್‌ವರ್ಕನ್ನು ಬಂದ್ ಮಾಡಿದರಾಯಿತು. ಮರದ ಚೌಕಟ್ಟಿನ ಸ್ಟಿಕ್ಕರಿನಲ್ಲೂ ಅದೇ ಅತಿಥಿ ಪಾಸ್‌ವರ್ಡನ್ನು ಬರೆದಿದ್ದೇನೆ. ಐಫೋನಿನಿಂದ ಐಫೋನಿಗೆ ಕೊಡುವುದನ್ನು ಅಕ್ಕನಿಗೂ ಅವರ ಸೊಸೆಗೂ ಮಾತ್ರ ಉಳಿಸಿಕೊಂಡಿದ್ದೇವೆ, ಇಮೇಲ್ ಹೇಗೂ ಉಳಿಸಿ ಆಗಿದೆಯಲ್ಲ. ಅತಿಥಿ ನೆಟ್‌ವರ್ಕಿನಲ್ಲಿರುವವರಿಗೆ ಮನೆಯ ಉಳಿದ ಸಾಧನಗಳು ಕಾಣುವುದಿಲ್ಲವಾದ್ದರಿಂದ, ತಾವು ತೆಗೆದ ಜಾತ್ರೆಯ ವಿಡಿಯೋವನ್ನು ದೊಡ್ಡ ಟಿವಿಗೆ ಹಾಕಲಾಗುತ್ತಿಲ್ಲವೆಂದು ಸೋದರಮಾವ ಸಂಜೆ ಮೂರು ಸಲ ದೂರಿದರು. ಅವರ ಫೋನನ್ನು ಇಸಿದುಕೊಂಡು ಮುಖ್ಯ ನೆಟ್‌ವರ್ಕಿನ ಹೊಸ ಪಾಸ್‌ವರ್ಡನ್ನು, ಅಂಡರ್‌ಸ್ಕೋರ್ ಸಮೇತ, ನಾನೇ ಒತ್ತಿಕೊಟ್ಟೆ.