ಮಲ್ಪೆಯ ಗದ್ದಲದಿಂದ ಒಂದು ಸೇತುವೆ ಆಚೆ

ಡಿಸೆಂಬರ್ ಕೊನೆಯ ಭಾನುವಾರ ಮಲ್ಪೆಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ 40 ನಿಮಿಷ ಹೋಯಿತು. ಕೊನೆಗೆ ಒಂದು ಮೂಲೆ ಸಿಕ್ಕಿ, ಅಮ್ಮನ ಕೈ ಹಿಡಿದು ಮರಳಿಗೆ ಇಳಿಸುವಷ್ಟರಲ್ಲಿ ಸೂರ್ಯ ಮುಳುಗಿಯಾಗಿತ್ತು. "ಅಂಗಳದಲ್ಲಿ ಕೂತಿದ್ದರೆ ಇದಕ್ಕಿಂತ ಹೆಚ್ಚು ಗಾಳಿ ಸಿಗುತ್ತಿತ್ತು" ಎಂದಳು ಅಮ್ಮ. ಉಡುಪಿಯಿಂದ ಮಲ್ಪೆಗೆ 6 ಕಿ.ಮೀ. ದಾರಿ. ಅಷ್ಟು ದೂರಕ್ಕೆ ಅಷ್ಟು ಹೊತ್ತು.

ಮಲ್ಪೆಯ ಮೇಲೆ ನನಗೆ ಕೋಪವಿಲ್ಲ. ಚರುಮುರಿ ಗಾಡಿ, ಒಂಟೆ, ನೀರಿನ ಆಟಗಳು, ಸೇಂಟ್ ಮೇರೀಸ್ ದ್ವೀಪದ ಬೋಟಿಗೆ ಸಾಲು, ಇವೆಲ್ಲ ಬೇಕಾದವರಿಗೆ ಅದು ಸರಿಯಾದ ಜಾಗ. ಘಟ್ಟದ ಮೇಲಿನಿಂದ ಬರುವ ನೆಂಟರಿಗೆ ಮೊದಲ ದಿನ ನಾನೂ ಅದನ್ನೇ ತೋರಿಸುತ್ತೇನೆ. ಆದರೆ ನಾವು ಇಲ್ಲಿಯವರೇ. ವಾರಕ್ಕೊಮ್ಮೆ ಕಡಲ ಮುಂದೆ ಸುಮ್ಮನೆ ಕೂತು ಬರಲು ಒಂದು ಜಾಗ ಬೇಕಿತ್ತು. ಜನವರಿ, ಫೆಬ್ರವರಿಯ ಭಾನುವಾರಗಳನ್ನು ಅದಕ್ಕೇ ಮೀಸಲಿಟ್ಟೆ. ಪಡುಕೆರೆ, ಮಟ್ಟು, ಕೋಡಿ ಬೆಂಗ್ರೆ ಈ ಮೂರಕ್ಕೂ ಕನಿಷ್ಠ ಎರಡೆರಡು ಸಲ ಹೋದೆವು. ಕಾಪುವಿಗೆ ಒಂದು ಸಲ.

ಹೋದವರು ಮೂವರು, ಮೂವರದೂ ಬೇರೆ ಬೇರೆ ಹಟ. ಅಮ್ಮನಿಗೆ ಮಂಡಿನೋವು, ಮರಳಿನಲ್ಲಿ ಹೆಚ್ಚು ನಡೆಯಬಾರದು, ಕೂರಲು ಎತ್ತರದ ಕಟ್ಟೆಯೋ ಕಲ್ಲೋ ಬೇಕು. ಎಂಟು ವರ್ಷದ ಮಗನಿಗೆ ನೀರು ಬೇಕು, ಅದೂ ಸೊಂಟದವರೆಗೆ. ನನಗೆ ಒಂದು ಗಂಟೆ ಯಾರ ಸ್ಪೀಕರಿನ ಹಾಡೂ ಕೇಳಿಸಬಾರದು.

ಕಾಪುವನ್ನು ಮೊದಲೇ ಮುಗಿಸಿಬಿಡುತ್ತೇನೆ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ಆ ದೀಪಸ್ತಂಭ ಎಷ್ಟು ಸಲ ನೋಡಿದರೂ ಹಳತಾಗುವುದಿಲ್ಲ. ಆದರೆ ಅದನ್ನು ನೋಡಲೆಂದೇ ಎಲ್ಲರೂ ಬರುತ್ತಾರೆ. ಭಾನುವಾರ ಸಂಜೆ ಬಂಡೆಯ ಮೆಟ್ಟಿಲುಗಳ ತುಂಬ ಜನ. ಅಮ್ಮ ಕೆಳಗಿನಿಂದಲೇ ಕೈಮುಗಿದು "ನೀವು ಹೋಗಿ ಬನ್ನಿ" ಎಂದಳು. ಅದು ಚಿಕ್ಕ ಮಲ್ಪೆ, ಅಷ್ಟೇ. ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಪಡುಬಿದ್ರಿಯ ಕಡಲತೀರ ಅಚ್ಚುಕಟ್ಟಾಗಿದೆ ಎಂದು ಗೊತ್ತು. ಅಚ್ಚುಕಟ್ಟು ನಾನು ಹುಡುಕುತ್ತಿದ್ದ ವಸ್ತುವಲ್ಲ, ಹಾಗಾಗಿ ಅತ್ತ ಹೋಗಲಿಲ್ಲ.

ಪಡುಕೆರೆಯ ವಿಷಯಕ್ಕೆ ಬಂದರೆ ನನಗೆ ನಾಚಿಕೆಯೇ ಆಗುತ್ತದೆ. ಮಲ್ಪೆ ಬಂದರಿನ ದಕ್ಷಿಣಕ್ಕೆ, ಹೊಳೆಯ ಆಚೆ ದಡದಲ್ಲೇ ಇದೆ ಅದು. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಉದ್ಯಾವರ ಹೊಳೆ, ನಡುವೆ ರಿಬ್ಬನ್ನಿನಂತೆ ಒಂದು ಊರು. ಸೇತುವೆಯಾಗುವ ಮೊದಲು ಮಲ್ಪೆಯಿಂದ ಅಲ್ಲಿಗೆ ದೋಣಿಯೇ ಗತಿ, ಇಲ್ಲವೇ ದಕ್ಷಿಣದಿಂದ ದೊಡ್ಡ ಸುತ್ತು. ಅದಕ್ಕೇ ಪ್ರವಾಸಿಗರ ದಂಡು ಬಂದರಿನ ಈಚೆಗೇ ನಿಂತಿತು. ಈಗ ಸೇತುವೆ ದಾಟಲು ಎರಡು ನಿಮಿಷ. ಆದರೂ ಮಲ್ಪೆಗೆ ಬಂದವರಲ್ಲಿ ಹೆಚ್ಚಿನವರು ಆ ಕಡೆ ತಿರುಗುವುದಿಲ್ಲ. ಇಷ್ಟು ವರ್ಷ ನಾನೂ ತಿರುಗಿರಲಿಲ್ಲ.

ಮೊದಲ ಸಲ ನಾವು ಬೆಳಗ್ಗೆ ಹೋದೆವು. ರಸ್ತೆಯ ಎರಡೂ ಬದಿ ತೆಂಗು, ಮನೆಗಳು, ನಡುನಡುವೆ ಭಜನಾ ಮಂದಿರ, ಬೇಲಿಯ ಮೇಲೆ ಒಣಗಲು ಹರಡಿದ ಬಲೆ. ಕಡಲ ಬದಿಯಲ್ಲಿ ಕೈರಂಪಣಿ, ಅಂದರೆ ದಡದಿಂದ ಕೈಯಲ್ಲೇ ಎಳೆಯುವ ಮೀನುಬಲೆ, ಎಳೆಯುತ್ತಿದ್ದರು. ಹಳೆಯ ದೊಡ್ಡ ರಂಪಣಿಯ ತಮ್ಮ ಇದು. 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ, ಊರಿಗೆ ಊರೇ ಸೇರಿ ಎಳೆಯುತ್ತಿದ್ದ ಆ ರಂಪಣಿ ಮೂಲೆ ಸೇರಿತು. ಹತ್ತಿಪ್ಪತ್ತು ಮಂದಿಯ ಕೈಗೆ ಸಿಗುವ ಈ ಸಣ್ಣ ಬಲೆ ಉಳಿದುಕೊಂಡಿತು. ದೋಣಿಯೊಂದು ಅರ್ಧಚಂದ್ರಾಕಾರದಲ್ಲಿ ಬಲೆ ಬಿಟ್ಟು ಬಂದಿತ್ತು. ಎರಡು ತುದಿಯ ಹಗ್ಗ ಹಿಡಿದ ಎರಡು ಸಾಲುಗಳು ಹಿಂದಕ್ಕೆ ಹೆಜ್ಜೆ ಹಾಕುತ್ತ, ಒಂದಕ್ಕೊಂದು ಹತ್ತಿರ ಸರಿಯುತ್ತ ಬಂದವು. ಸಾಲಿನ ತುದಿ ತಲುಪಿದವನು ಹಗ್ಗ ಬಿಟ್ಟು ಮತ್ತೆ ನೀರಿನ ಬದಿಗೆ ಓಡಿ ಮುಂದಿನ ಹಿಡಿತ ಹಿಡಿಯುತ್ತಾನೆ. ಯಾರೂ ಕೂಗಿ ಹೇಳುವುದಿಲ್ಲ, ಕಾಲುಗಳಿಗೇ ತಾಳ ಗೊತ್ತು. ಬಲೆಯ ಹೊಟ್ಟೆ ದಡಕ್ಕೆ ಬಂದಾಗ ಗರುಡಗಳು ತಲೆಯ ಮೇಲೆಯೇ ಸುತ್ತತೊಡಗಿದವು. ಒಳಗೆ ಅಂಗೈ ಉದ್ದದ ಬೂತಾಯಿ ಮೀನು, ಒಂದಿಷ್ಟು ಸಿಗಡಿ, ಎರಡು ಏಡಿ, ಒಂದು ಪ್ಲಾಸ್ಟಿಕ್ ಚಪ್ಪಲಿ. ಮಗ ಹಗ್ಗದ ತುದಿ ಹಿಡಿದು ತಾನೂ ಎಳೆದೆನೆಂದು ವಾರವಿಡೀ ಶಾಲೆಯಲ್ಲಿ ಹೇಳಿಕೊಂಡು ತಿರುಗಿದ. ಅಮ್ಮ ಅಲ್ಲೇ ಬುಟ್ಟಿಯ ಮುಂದೆ ನಿಂತು ಬೂತಾಯಿಯ ರೇಟಿನ ವಿಚಾರಕ್ಕೆ ಇಳಿದವಳು ಮಂಡಿನೋವನ್ನು ಮರೆತೇಬಿಟ್ಟಳು.

ಪಡುಕೆರೆಯ ಇನ್ನೊಂದು ಲಾಭ: ಕಡಲಿಗೆ ಬೆನ್ನು ಹಾಕಿ ಊರನ್ನು ಅಡ್ಡ ದಾಟಿದರೆ ಹೊಳೆ. ಬೆಳಗ್ಗೆ ಹೊಳೆಯ ಬದಿಯಲ್ಲಿ ಸೂರ್ಯ ಹುಟ್ಟುವುದನ್ನು ನೋಡಿ, ಸಂಜೆ ಕಡಲ ಬದಿಯಲ್ಲಿ ಮುಳುಗುವುದನ್ನು ನೋಡಬಹುದು. ಕೆಲವು ಕಡೆ ಕಡಲ್ಕೊರೆತ ತಡೆಯಲು ಹಾಕಿದ ಕಲ್ಲಿನ ಗೋಡೆ ಮರಳನ್ನೇ ಮುಚ್ಚಿಬಿಟ್ಟಿದೆ, ನೋಡಲು ಚೆಂದವಿಲ್ಲ. ಅಮ್ಮನಿಗೆ ಮಾತ್ರ ಆ ಕಲ್ಲುಗಳೇ ಸಿಂಹಾಸನವಾದವು. ತೆಗಳಬೇಕಾದ ಸಂಗತಿ ಒಂದೇ: ಶೌಚಾಲಯವಿಲ್ಲ. ಮಂದಿರದ ಹತ್ತಿರದ ಮನೆಯೊಂದರಲ್ಲಿ ಕೇಳಿಕೊಂಡೆವು. ಬಚ್ಚಲು ತೋರಿಸಿದ್ದಲ್ಲದೆ "ಒಂದು ಲೋಟ ಚಹಾ ಕುಡಿದು ಹೋಗಿ" ಎಂದು ಆ ಮನೆಯಾಕೆ ಅಮ್ಮನನ್ನು ಜಗಲಿಯಲ್ಲಿ ಕೂರಿಸಿದರು.

ಅದೇ ದಕ್ಷಿಣದ ಕಡೆ ಇರುವುದು ಮಟ್ಟು. ನಾವು ಹೆದ್ದಾರಿ 66ರಲ್ಲಿ ಕಟಪಾಡಿಗೆ ಹೋಗಿ ಪಶ್ಚಿಮಕ್ಕೆ ತಿರುಗಿ ಸೇತುವೆ ದಾಟಿದೆವು. ಹೆಸರು ಕೇಳಿದೊಡನೆ ಯಾರಿಗಾದರೂ ನೆನಪಾಗುವುದು ಗುಳ್ಳ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ, ತಿಳಿಹಸಿರು ಮೈಯ ಮೇಲೆ ಬಿಳಿ ಗೆರೆಯ ಆ ಗುಂಡು ಬದನೆ. ಬೀಜವನ್ನು ಯತಿಗಳಾದ ವಾದಿರಾಜರು ಕೊಟ್ಟರೆಂದು ಊರಿನ ನಂಬಿಕೆ. ಕಡಲಿನಷ್ಟೇ ಆಸಕ್ತಿಯಿಂದ ಅಮ್ಮ ಗುಳ್ಳದ ಗದ್ದೆಗಳನ್ನು ನೋಡಿದಳು, ಎರಡು ಕಿಲೋ ಕೊಂಡಳು, ಅದಕ್ಕೆ ಒಣಸಿಗಡಿ ಹಾಕುವುದೋ ಬೇಡವೋ ಎಂಬ ಚರ್ಚೆಯನ್ನು ಮನೆ ತಲುಪುವವರೆಗೂ ಒಬ್ಬಳೇ ನಡೆಸಿದಳು.

ಕಡಲತೀರವೇ? ಮೂರರಲ್ಲಿ ಹೆಚ್ಚು ನಿಶ್ಶಬ್ದವಾದದ್ದು ಇದೇ. ಬೆಳಗ್ಗೆ ಏಳಕ್ಕೆ ಎಡಕ್ಕೂ ಬಲಕ್ಕೂ ಕಣ್ಣು ಹಾಯುವಷ್ಟು ದೂರ ಒಬ್ಬ ಮನುಷ್ಯನಿಲ್ಲ. ಮರಳಿನ ಮೇಲೆ ಏಡಿಗಳು ಬಿಡಿಸಿದ ಗುಳಿಗೆಯ ರಂಗೋಲಿಯನ್ನು ಯಾರೂ ತುಳಿದಿರಲಿಲ್ಲ. ನಾನು ಬಯಸಿದ್ದು ಇದನ್ನೇ ಎಂದುಕೊಂಡು ಅರ್ಧ ಗಂಟೆ ಕೂತೆ. ಆಮೇಲೆ ಮಗ ನೀರಿಗಿಳಿದ. ಅಲೆಗಳು ಎರಡೂ ಬದಿ ಬಿಳಿಯಾಗಿ ಒಡೆಯುತ್ತಿದ್ದವು, ನಡುವೆ ಒಂದು ಪಟ್ಟಿ ಮಾತ್ರ ಕೆರೆಯ ನೀರಿನಂತೆ ಸಮತಟ್ಟಾಗಿತ್ತು. ಅವನು ನೇರ ಅಲ್ಲಿಗೇ ನಡೆದ. ಅಲೆ ಇಲ್ಲದ ಕಡೆ ಅಪಾಯವಿಲ್ಲವೆಂಬುದು ಮಗುವಿನ ಲೆಕ್ಕ. ನಿಜ ತಿರುಗುಮುರುಗು. ಅಲೆಗಳು ದಡಕ್ಕೆ ತಂದು ತುಂಬಿದ ನೀರು ಹಿಂದಿರುಗಲು ಮಾಡಿಕೊಂಡ ಕಾಲುವೆ ಅದು. ಅಲ್ಲಿ ಆಳ ಹೆಚ್ಚು, ಆದ್ದರಿಂದಲೇ ಅಲೆ ಒಡೆಯುವುದಿಲ್ಲ. ಸಿಕ್ಕಿಕೊಂಡರೆ ದಡದತ್ತ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ದಾಟಿದ ಮೇಲೆ ತಿರುಗಬೇಕು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಕ್ಷಣ ಮೊಬೈಲ್ ನೋಡುತ್ತಿದ್ದೆ. ನೀರು ಮೊಣಕಾಲಿಗೆ ಬಂದಾಗಲೇ ಓಡಿಹೋಗಿ ತೋಳು ಹಿಡಿದು ಎಳೆದು ತಂದೆ. ಏನೂ ಆಗಲಿಲ್ಲ, ಆದರೆ ಕೂಗಿದ್ದರೆ ಕೇಳಿಸಿಕೊಳ್ಳುವವರು ಅಲ್ಲಿ ಯಾರೂ ಇರಲಿಲ್ಲ.

ಪಡುಕೆರೆಯಲ್ಲಿ ಹಾಗಾಗಿರಲಿಲ್ಲ. ಅಲ್ಲಿ ಮಗ ನೀರಿನತ್ತ ಹೊರಟೊಡನೆ ಬಲೆ ಮಡಚುತ್ತಿದ್ದ ಹಿರಿಯರೊಬ್ಬರು ತಲೆ ಎತ್ತದೆಯೇ ಹೇಳಿದ್ದರು: "ಅಲ್ಲಿ ಬೇಡ ಅಕ್ಕ, ಅಲ್ಲಿ ನೀರು ಎಳೆಯುತ್ತದೆ. ಈ ಕಡೆ ಬಿಡಿ." ಮಲ್ಪೆಯಲ್ಲಿ ಸೀಟಿ ಊದುವ ಜೀವರಕ್ಷಕರಿರುತ್ತಾರೆ. ಪಡುಕೆರೆಯಲ್ಲಿ ಆ ಕೆಲಸ ಊರಿನವರದೇ. ಮಟ್ಟುವಿನ ಆ ಬೆಳಗ್ಗೆ ಎರಡೂ ಇರಲಿಲ್ಲ. ಎರಡನೆಯ ಸಲ ಮಟ್ಟುವಿಗೆ ನಾನೊಬ್ಬಳೇ ಹೋದೆ, ನೀರಿಗೆ ಕಾಲು ಹಾಕಲಿಲ್ಲ, ಒಂದೂವರೆ ಗಂಟೆ ನಡೆದು ಬಂದೆ. ಒಬ್ಬರೇ ಹೋಗುವುದಾದರೆ ಮಟ್ಟುವನ್ನು ಮೀರಿಸಿದ್ದಿಲ್ಲ. ಅದೂ ಹಗಲಲ್ಲಿ.

ಕೋಡಿ ಬೆಂಗ್ರೆ ಮಲ್ಪೆಯ ಉತ್ತರಕ್ಕೆ. ಕೆಮ್ಮಣ್ಣು, ಹೂಡೆ ದಾಟಿ ಹೋದಂತೆ ನೆಲ ಕಿರಿದಾಗುತ್ತ ಬರುತ್ತದೆ: ಬಲಕ್ಕೆ ಹೊಳೆ, ಎಡಕ್ಕೆ ಕಡಲು, ಕೊನೆಗೆ ರಸ್ತೆಯೇ ಮುಗಿಯುತ್ತದೆ. ಸುವರ್ಣೆಯೂ ಸೀತೆಯೂ ಸಮುದ್ರ ಸೇರುವ ಅಳಿವೆ ಅಲ್ಲಿದೆ. ಎದುರು ದಡದಲ್ಲಿ ಹಂಗಾರಕಟ್ಟೆ. ನೋಟದ ಮಟ್ಟಿಗೆ ಹೇಳುವುದಾದರೆ ಮೂರರಲ್ಲಿ ಇದಕ್ಕೇ ಮೊದಲ ಸ್ಥಾನ, ಅನುಮಾನವೇ ಇಲ್ಲ. ಹೊಳೆಯ ಕಂದು ನೀರೂ ಕಡಲಿನ ಹಸಿರು ನೀರೂ ಸೇರುವಲ್ಲಿ ನೊರೆಯ ಗೆರೆಯೊಂದು ಅಂಕುಡೊಂಕಾಗಿ ಅಲುಗಾಡುತ್ತಿರುತ್ತದೆ.

ಆದರೆ ಇಲ್ಲಿ ಗಡಿಯಾರಕ್ಕಿಂತ ಪಂಚಾಂಗ ಮುಖ್ಯ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತವೂ ಇಳಿತವೂ ಜೋರು. ಅಷ್ಟಮಿಯ ಹೊತ್ತಿಗೆ ಎರಡೂ ಸಾಧು. ದಿನದಿಂದ ದಿನಕ್ಕೆ ಭರತದ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಾವು ಮೊದಲು ಹೋದದ್ದು ಭರತದ ಹೊತ್ತಿನಲ್ಲಿ: ಮರಳದಿಣ್ಣೆ ಮುಕ್ಕಾಲು ಮುಳುಗಿತ್ತು, ನೋಡಲು ನೀರು ಬಿಟ್ಟರೆ ಏನಿಲ್ಲ. ಎರಡನೆಯ ಸಲ ಅಮ್ಮ ಗೋಡೆಯ ಕ್ಯಾಲೆಂಡರ್ ನೋಡಿ "ಹುಣ್ಣಿಮೆಯ ದಿನ ಸಂಜೆ ಹೋಗುವ" ಎಂದಳು. ನೀರು ಇಳಿದು ಹೊಳೆಯ ಬದಿಯ ದಿಣ್ಣೆಗಳು ಬೆನ್ನು ತೋರಿಸಿದ್ದವು. ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಮರುವಾಯಿ ಚಿಪ್ಪು ಆರಿಸುತ್ತಿದ್ದರು. ಮಗನಿಗೆ ಹೊಳೆಯ ಬದಿಯ ಪಾದ ಮುಳುಗುವ ನೀರು ಸಿಕ್ಕಿತು. ಅಳಿವೆಯ ಬಾಯಿಯ ಹತ್ತಿರ ಮಾತ್ರ ಯಾರನ್ನೂ ಬಿಡಬಾರದು. ಇಳಿತದಲ್ಲಿ ಎರಡು ನದಿಗಳ ನೀರು ಒಂದೇ ಬಾಯಿಯಿಂದ ಹೊರಗೆ ನುಗ್ಗುತ್ತದೆ.

ಇಲ್ಲಿ ನನ್ನದೊಂದು ಪೆದ್ದುತನ. ಇನ್ನಷ್ಟು ಹತ್ತಿರ ಹೋದರೆ ಅಮ್ಮನಿಗೆ ನಡೆಯುವುದು ಉಳಿಯುತ್ತದೆಂದು ಡಾಂಬರು ಬಿಟ್ಟು ಕಾರನ್ನು ಮರಳಿಗೆ ಇಳಿಸಿದೆ. ಮುಂದಿನ ಚಕ್ರ ಅರ್ಧ ಹೂತಿತು. ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನೂ ಕೆಳಗೆ. ದೋಣಿಯ ಹತ್ತಿರ ಕೂತಿದ್ದ ಮೂವರು ಹುಡುಗರು ಎದ್ದು ಬಂದರು, ಒಂದು ಮಾತೂ ಆಡದೆ ಕೈಯಲ್ಲೇ ಮರಳು ತೋಡಿ, ಚಕ್ರದಡಿಗೆ ತೆಂಗಿನ ಒಣ ಮಡಲು ತುರುಕಿ, "ಸ್ಟೇರಿಂಗ್ ನೇರ ಇಟ್ಟು ಮೆಲ್ಲ ಬಿಡಿ ಅಕ್ಕ" ಎಂದರು. ಮಡಲು ಪಟಪಟನೆ ಮುರಿಯಿತು, ಕಾರು ಹಿಂದಕ್ಕೆ ಬಂತು. ದುಡ್ಡು ಕೊಡಹೋದರೆ ನಕ್ಕರು. ವಾರಕ್ಕೆ ಇಂಥ ಎರಡು ಕಾರು ಎತ್ತುತ್ತಾರಂತೆ.

ಬೆಂಗ್ರೆಯ ಕೊರತೆ ದೂರ. ನಮ್ಮ ಮನೆಯಿಂದ ಮುಕ್ಕಾಲು ಗಂಟೆ, ಕತ್ತಲಾದ ಮೇಲೆ ಆ ಕಿರಿದಾದ ರಸ್ತೆಯಲ್ಲಿ ಎದುರು ಗಾಡಿ ಬಂದರೆ ಇನ್ನೂ ಹೆಚ್ಚು. ಈಗೀಗ ಕಯಾಕ್ ಬಾಡಿಗೆ, ಹೋಂಸ್ಟೇ ಫಲಕಗಳು ಏಳುತ್ತಿವೆ. ಫೋಟೋ ತೆಗೆಸಿಕೊಳ್ಳುವವರ ಕಾರುಗಳೂ ಸಾಲುಗಟ್ಟಿದ್ದವು. ಅವುಗಳಲ್ಲೊಂದರ ಬಾಗಿಲು ತೆರೆದು ಹಾಡು ಹಚ್ಚಿದ್ದರು. ನನ್ನ ಒಂದು ಗಂಟೆಯ ಪರೀಕ್ಷೆಯಲ್ಲಿ ಬೆಂಗ್ರೆ 20 ನಿಮಿಷಕ್ಕೇ ಬಿದ್ದುಹೋಯಿತು.

ಹಾಗಾಗಿ ನಮ್ಮ ಮನೆಯ ತೀರ್ಮಾನ ಹೀಗೆ. ನೆಂಟರು ಬಂದರೆ ಕೋಡಿ ಬೆಂಗ್ರೆ, ಪಂಚಾಂಗ ನೋಡಿಕೊಂಡು. ನನಗೆ ತಲೆ ಕೆಟ್ಟ ದಿನ ಮಟ್ಟು. ವಾರವಾರದ ಸಂಜೆಗೆ ಪಡುಕೆರೆ. ಪೂರ್ತಿ ನಿಶ್ಶಬ್ದ ಅಲ್ಲಿಲ್ಲ. ಬೋಟಿನ ಎಂಜಿನ್ ಕೇಳಿಸುತ್ತದೆ, ನಾಯಿ ಬೊಗಳುತ್ತದೆ, ಯಾರೋ ಯಾರನ್ನೋ ಊಟಕ್ಕೆ ಕರೆಯುತ್ತಾರೆ. ಆ ಸದ್ದುಗಳಿಗೆ ನನ್ನ ತಕರಾರಿಲ್ಲ. ಮಳೆಗಾಲದ ಮಾತು ಬೇರೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳೇ ಕಡಲಿಗೆ ಇಳಿಯುವುದಿಲ್ಲ. ಆಗ ಈ ಮೂರೂ ಕಡೆ ನೀರನ್ನು ದೂರದಿಂದಲೇ ನೋಡಬೇಕು.

ಕಳೆದ ಭಾನುವಾರ ಪಡುಕೆರೆಯ ಕಲ್ಲಿನ ಮೇಲೆ ಅಮ್ಮ, ಕೆಳಗೆ ನಾನು. ದೂರದಲ್ಲಿ ಸೇಂಟ್ ಮೇರೀಸ್‌ನಿಂದ ಮಲ್ಪೆಗೆ ಕೊನೆಯ ಬೋಟು ಮರಳುತ್ತಿತ್ತು. ಮಗ ಅದನ್ನೇ ನೋಡುತ್ತ ನಿಂತು, ಇಲ್ಲಿ ಎಲ್ಲ ಸರಿ, ಆದರೆ ಐಸ್‌ಕ್ರೀಮ್ ಗಾಡಿ ಯಾಕೆ ಬರುವುದಿಲ್ಲ ಎಂದು ಕೇಳಿದ. ವಾಪಸಾಗುವಾಗ ಸೇತುವೆ ದಾಟಿ ಮಲ್ಪೆಯಲ್ಲಿ ಒಂದು ಐಸ್‌ಕ್ರೀಮ್ ಕೊಡಿಸಿದೆ. ಕಾರು ನಿಲ್ಲಿಸಲು ಜಾಗ ಸಿಗಲಿಲ್ಲ. ಅಮ್ಮ ಒಳಗೇ ಕೂತಿದ್ದಳು, ನಾನು ಎಂಜಿನ್ ಆರಿಸಲಿಲ್ಲ, ಅವನು ಓಡಿಹೋಗಿ ತಂದ.