ಮಕ್ಕಳ ಪ್ರಗತಿ ತೋರಿಸುವ ಆಪ್: ಮೂರು ವರ್ಷ ಬಳಸಿದ ಗಣಿತ ಟೀಚರ್ ಬರೆದದ್ದು

ಆಪ್‌ನ ಹೆಸರು ಹೇಳುವುದಿಲ್ಲ. ಈ ಜಾತಿಯ ಆಪ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಮಕ್ಕಳು ಟ್ಯಾಬ್‌ನಲ್ಲಿ ಲೆಕ್ಕ ಮಾಡುತ್ತಾರೆ, ನನ್ನ ಲ್ಯಾಪ್‌ಟಾಪ್‌ನಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಹಸಿರು, ಹಳದಿ, ಕೆಂಪು ಚೌಕಗಳು ತುಂಬಿಕೊಳ್ಳುತ್ತವೆ. ಆರನೇ ತರಗತಿ, 40 ಮಕ್ಕಳು. ಯಾರಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ನೋಡಿಕೊಂಡು ಪಾಠ ಮಾಡಬಹುದು ಅನ್ನುವುದು ಆಪ್ ಕೊಡುವ ಭರವಸೆ.

ಮೊದಲ ಆರು ತಿಂಗಳು ನಾನು ಬಣ್ಣಕ್ಕೆ ಮರುಳಾಗಿದ್ದೆ. ಕೆಂಪು ಬಂದ ಮಕ್ಕಳನ್ನು ಒಂದು ಕಡೆ ಕೂರಿಸುವುದು, ಅದೇ ಪಾಠವನ್ನು ಇನ್ನೊಮ್ಮೆ ಹೇಳುವುದು. ಸ್ವಲ್ಪ ನಿಧಾನವಾಗಿ, ಸ್ವಲ್ಪ ಜೋರಾಗಿ. ಮಕ್ಕಳಿಗೆ ತಕ್ಕ ಪಾಠ ಅಂದರೆ ಇದೇ ಅಂದುಕೊಂಡಿದ್ದೆ. ಕೆಂಪು ಕೆಂಪಾಗಿಯೇ ಉಳಿಯಿತು.

ಒಂದು ದಿನ ಕಳೆಯುವ ಲೆಕ್ಕದಲ್ಲಿ ಮೂವರಿಗೆ ಶೇಕಡಾ 40 ಬಂದಿತ್ತು. ಬೇಜಾರಿನಲ್ಲಿ ಸುಮ್ನೆ ಅಲ್ಲಿ ಇಲ್ಲಿ ಒತ್ತುತ್ತಾ ಹೋದಾಗ ಮಕ್ಕಳು ಬರೆದ ಉತ್ತರಗಳೇ ಕಾಣಿಸಿದವು. 52ರಲ್ಲಿ 38 ಕಳೆಯಬೇಕು, ಉತ್ತರ 14. ಒಬ್ಬಳು 26 ಅಂತ ಬರೆದಿದ್ದಳು. ಇನ್ನೊಬ್ಬ 24. ಮೂರನೆಯವನು 90.

26 ಹೇಗೆ ಬರುತ್ತದೆ? ಬಿಡಿ ಸ್ಥಾನದಲ್ಲಿ 2ರಿಂದ 8 ಹೋಗುವುದಿಲ್ಲ, ಹಾಗಾಗಿ 8ರಿಂದ 2 ಕಳೆದಿದ್ದಾಳೆ. ಎಲ್ಲ ಲೆಕ್ಕದಲ್ಲೂ ಹಾಗೆಯೇ, ದೊಡ್ಡ ಅಂಕಿಯಿಂದ ಚಿಕ್ಕದು ಕಳೆ ಅನ್ನುವುದೇ ಅವಳ ನಿಯಮ. 24 ಬರೆದವನು ಹತ್ತು ತಂದುಕೊಂಡು 12 ಮಾಡಿದ್ದಾನೆ, ಆದರೆ ಹತ್ತರ ಸ್ಥಾನದ 5ನ್ನು 4 ಮಾಡಲು ಮರೆತಿದ್ದಾನೆ. 90 ಬರೆದವನು ಕೂಡಿಬಿಟ್ಟಿದ್ದಾನೆ, ಚಿಹ್ನೆ ನೋಡಿಯೇ ಇಲ್ಲ! ಮೊದಲಿನವಳಿಗೆ ಹತ್ತು ಕಡ್ಡಿಯ ಕಟ್ಟು ಬಿಚ್ಚಿ ತೋರಿಸಬೇಕು. ಎರಡನೆಯವನಿಗೆ 5ನ್ನು ಹೊಡೆದುಹಾಕಿ ಮೇಲೆ 4 ಬರೆಯುವ ಅಭ್ಯಾಸ ಸಾಕು. ಮೂರನೆಯವನಿಗೆ ಪಾಠವೇ ಬೇಡ, ಚಿಹ್ನೆಗೆ ಸುತ್ತು ಹಾಕಿ ಶುರು ಮಾಡು ಅಂದರೆ ಆಯಿತು. ಇಷ್ಟು ದಿನ ಮೂವರಿಗೂ ಒಂದೇ ಔಷಧ ಕುಡಿಸಿದ್ದೆ ಅಲ್ವಾ ಅಂತ ನಾಚಿಕೆಯಾಯಿತು.

ಇದನ್ನು ನಾನೇನೂ ಹೊಸದಾಗಿ ಕಂಡುಹಿಡಿದಿಲ್ಲ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಅನ್ನುವ ಸಂಶೋಧಕರು 1978ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಮಕ್ಕಳ ಎಷ್ಟೋ ತಪ್ಪುಗಳು ಬಾಯಿಗೆ ಬಂದದ್ದು ಬರೆದ ತಪ್ಪುಗಳಲ್ಲ, ಒಂದು ತಪ್ಪು ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದ ತಪ್ಪುಗಳು. ಕಂಪ್ಯೂಟರ್‌ನವರು ಪ್ರೋಗ್ರಾಂನ ದೋಷಕ್ಕೆ ಹೇಳುವ ಮಾತಿನಲ್ಲಿ ಅವಕ್ಕೆ ‘ಬಗ್’ ಅಂದರು. ಅಷ್ಟು ಹಳೆಯ ವಿಷಯವನ್ನು ಈ ಆಪ್ ಮೂರು ಕ್ಲಿಕ್ ಆಚೆ ಬಚ್ಚಿಟ್ಟಿದೆ. ಮುಖಪುಟದ ತುಂಬಾ ಶೇಕಡಾವಾರು.

ಕೆಂಪಿನ ಕಥೆ ಇದಾದರೆ, ಹಸಿರಿನದ್ದು ಇನ್ನೂ ಮೋಸ. ದಶಮಾಂಶದಲ್ಲಿ ಯಾವುದು ದೊಡ್ಡದು ಅನ್ನುವ ಟೆಸ್ಟ್‌ನಲ್ಲಿ ಒಬ್ಬ ಹುಡುಗ ಹತ್ತಕ್ಕೆ ಎಂಟು ತೆಗೆದ. ಬೋರ್ಡ್ ಹತ್ತಿರ ಕರೆದು 0.5 ಮತ್ತು 0.45 ಬರೆದೆ. 0.45 ದೊಡ್ಡದು ಅಂದ. ಏಕಪ್ಪಾ ಅಂದರೆ, ‘ಐದಕ್ಕಿಂತ ನಲವತ್ತೈದು ದೊಡ್ಡದು ಟೀಚರ್.’ ಆಮೇಲೆ ಟೆಸ್ಟ್‌ನ ಪ್ರಶ್ನೆ ನೋಡಿದೆ. 0.75 ಮತ್ತು 0.5, 0.62 ಮತ್ತು 0.4, ಹೀಗೆ ಹತ್ತರಲ್ಲಿ ಎಂಟು ಪ್ರಶ್ನೆಗಳಲ್ಲಿ ಉದ್ದದ ಸಂಖ್ಯೆಯೇ ದೊಡ್ಡದು. ಅವನ ತಪ್ಪು ನಿಯಮಕ್ಕೂ ಅಲ್ಲಿ ಸರಿ ಉತ್ತರ ಸಿಗುತ್ತದೆ. ಅವತ್ತಿನಿಂದ ಆಪ್ ಆರಿಸಿಕೊಡುವ ಪ್ರಶ್ನೆಗಳನ್ನು ನಾನೇ ಒಮ್ಮೆ ನೋಡದೆ ಬಿಡುವುದಿಲ್ಲ.

ಇನ್ನೊಂದು, ಐದು ಪ್ರಶ್ನೆಯ ಸಣ್ಣ ಟೆಸ್ಟ್‌ಗಳು. ನಾಲ್ಕು ಆಯ್ಕೆ, ಮೂರು ಸರಿಯಾದರೆ ಮುಂದಿನ ಹಂತ. ಲೆಕ್ಕ ಹಾಕಿ ನೋಡಿದೆ. ಪ್ರಶ್ನೆ ಓದದೆ ಕಣ್ಣುಮುಚ್ಚಿ ಒತ್ತಿದರೂ ಪಾಸಾಗುವ ಸಾಧ್ಯತೆ ಸುಮಾರು ಶೇಕಡಾ 10. ಅಂದರೆ ಇಡೀ ತರಗತಿ ಹಾಗೆ ಒತ್ತಿದರೂ ಸರಾಸರಿ ನಾಲ್ಕು ಮಕ್ಕಳು ಹಸಿರು! ಮಕ್ಕಳೇನು ದಡ್ಡರೇ? ಸುಳಿವಿನ ಬಟನ್ ಮತ್ತೆ ಮತ್ತೆ ಒತ್ತಿದರೆ ಕೊನೆಗೆ ಉತ್ತರವೇ ಬರುತ್ತದೆ ಅನ್ನುವುದನ್ನು ಎರಡೇ ದಿನದಲ್ಲಿ ಕಂಡುಕೊಂಡರು. ಪ್ರತಿ ಉತ್ತರಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು ಅನ್ನುವ ಕಾಲಂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಭಿನ್ನರಾಶಿ ಕೂಡುವ ಲೆಕ್ಕಕ್ಕೆ ಮೂರು ಸೆಕೆಂಡ್ ಅಂದರೆ ಅದು ಊಹೆ. ಹನ್ನೊಂದು ನಿಮಿಷ ಅಂದರೆ ನೀರು ಕುಡಿಯಲು ಹೋಗಿದ್ದಾನೆ.

ಒಮ್ಮೆ ಹಸಿರಾದ ಚೌಕ ಮತ್ತೆ ಬದಲಾಗುವುದೂ ಇಲ್ಲ. ಎರಡು ತಿಂಗಳ ಹಿಂದಿನ ಹಸಿರು ಇವತ್ತೂ ಹಸಿರೇ, ಮಗು ಮರೆತಿದ್ದರೂ. ಅದಕ್ಕೇ ಪ್ರತಿ ಸೋಮವಾರ ಹಳೆಯ ಪಾಠದಿಂದ ನಾಲ್ಕು ಲೆಕ್ಕ ಕಾಗದದ ಮೇಲೆ ಮಾಡಿಸುತ್ತೇನೆ.

ಆಪ್ ಮಾರಲು ಬಂದವರು ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ ಹೆಸರು ಹೇಳಿದ್ದರು. ಒಬ್ಬ ಮಗುವಿಗೆ ಒಬ್ಬ ಶಿಕ್ಷಕ ಸಿಕ್ಕರೆ ಕಲಿಕೆ ಎಲ್ಲಿಂದ ಎಲ್ಲಿಗೋ ಏರುತ್ತದೆ ಅನ್ನುವ 1984ರ ಲೇಖನ ಅದು. ಕುರ್ಟ್ ವ್ಯಾನ್‌ಲೆನ್ ಅನ್ನುವ ಸಂಶೋಧಕ 2011ರಲ್ಲಿ ಅಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಲಾಭ ಬ್ಲೂಮ್ ಹೇಳಿದ್ದರ ಅರ್ಧಕ್ಕೂ ಕಡಿಮೆ ಬಂತು. ಅದೂ ಸಣ್ಣ ಲಾಭವೇನಲ್ಲ ಬಿಡಿ. ಆದರೆ ಆ ಮಾತನ್ನು ಅವರು ಹೇಳಲಿಲ್ಲ.

ಗುಂಪು ಮಾಡುವ ಸೌಲಭ್ಯವನ್ನು ನಾನು ಆಫ್ ಮಾಡಿದ್ದೇನೆ. ಅದು ಒಟ್ಟು ಅಂಕ ನೋಡಿ ಗುಂಪು ಮಾಡುತ್ತದೆ, ಒಮ್ಮೆ ಕೆಳಗಿನ ಗುಂಪಿಗೆ ಬಿದ್ದ ಮಗು ವರ್ಷವಿಡೀ ಅಲ್ಲೇ ಇರುತ್ತದೆ. ಗುಂಪಿಗೆ ಹೂವಿನ ಹೆಸರಿಡಿ, ಹಣ್ಣಿನ ಹೆಸರಿಡಿ, ಯಾವುದು ದಡ್ಡರ ಗುಂಪು ಅಂತ ಮಕ್ಕಳಿಗೆ ಮೊದಲ ದಿನವೇ ಗೊತ್ತಾಗುತ್ತದೆ. ಈಗ ನಾನು ಒಂದೇ ಥರದ ತಪ್ಪು ಮಾಡಿದವರನ್ನು ಹದಿನೈದು ನಿಮಿಷ ಕೂರಿಸಿಕೊಳ್ಳುತ್ತೇನೆ, ಅದು ಸರಿಹೋದರೆ ಗುಂಪು ಮುಗಿಯಿತು. 40 ಅಂಕಕ್ಕೆ 38 ಅಂಕ ತೆಗೆಯುವ ಹುಡುಗಿಯೂ ಭಿನ್ನರಾಶಿಯಲ್ಲಿ ಛೇದಕ್ಕೆ ಛೇದ ಕೂಡುವವರ ಜೊತೆ ಒಮ್ಮೆ ಬಂದು ಕೂತಿದ್ದಳು.

ಒಳ್ಳೆಯದು ಇಲ್ಲವೇ ಅಂದರೆ ಇದೆ. ತಿದ್ದುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ಮಾತೇ ಆಡದ ಮಕ್ಕಳ ತಪ್ಪುಗಳೂ ನನಗೆ ಕಾಣುತ್ತವೆ, ಕೈ ಎತ್ತುವವರನ್ನಷ್ಟೇ ನೋಡಿಕೊಂಡು ಪಾಠ ಮಾಡುವುದು ತಪ್ಪಿತು. ಎಲ್ಲಕ್ಕಿಂತ ಮುಖ್ಯವಾಗಿ, ಬರೆದ ಉತ್ತರಗಳನ್ನೆಲ್ಲ ಒಂದು ಶೀಟ್‌ಗೆ ಇಳಿಸಿಕೊಳ್ಳಬಹುದು. ಒಂದೇ ತಪ್ಪು ಉತ್ತರ ಬರೆದವರೆಲ್ಲ ಒಟ್ಟಿಗೆ ಬರುವಂತೆ ಜೋಡಿಸಲು ನನಗೆ ಹತ್ತು ನಿಮಿಷ ಸಾಕು, ಮರುದಿನದ ಪಾಠ ಅಲ್ಲೇ ತಯಾರು.

ಐದಕ್ಕೆ ಮೂರು ಸ್ಟಾರ್. ಈ ವರ್ಷ ಮುಂದುವರಿಸುವಾಗ ಅವರು ಕೊಟ್ಟ ಫಾರ್ಮ್‌ನಲ್ಲಿ ಜಾಸ್ತಿ ಬಳಸುವ ಸೌಲಭ್ಯ ಯಾವುದು ಅಂತ ಕೇಳಿದ್ದರು. ಡೌನ್‌ಲೋಡ್ ಬಟನ್ ಅಂತ ಬರೆದೆ.